ಚಂದಾ ಎತ್ತುವ ಚರಿತ್ರೆ: ಚಪಡನಿಂದ ಲೂಸಿಯಾವರೆಗೆ

ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ತಿಂಗಳಿಗೆ ಎರಡಾದರೂ ಲಿಂಕ್ ಬರುತ್ತೆ. ಒಬ್ಬರು ಕಿರುಚಿತ್ರ ಮಾಡ್ತಿದ್ದಾರೆ, ಇನ್ನೊಬ್ಬರು ಕವನ ಸಂಕಲನ ತರ್ತಿದ್ದಾರೆ, ಮತ್ಯಾರೋ ನಾಟಕದ ತಂಡ ಕಟ್ಟಿಕೊಂಡು ಊರೂರು ಸುತ್ತೋ ಯೋಚನೆಯಲ್ಲಿದ್ದಾರೆ. ಕೆಳಗೊಂದು ಹಸಿರು ಗೆರೆ: ಇಷ್ಟು ಬೇಕು, ಇಷ್ಟು ಬಂದಿದೆ, ಇಷ್ಟು ದಿನ ಬಾಕಿ. "ಇದೆಲ್ಲ ಅಮೆರಿಕದವರು ಕಲಿಸಿಕೊಟ್ಟಿದ್ದು ಕಣೋ" ಅಂದ ಪಕ್ಕದ ಸೀಟಿನ ಗೆಳೆಯ. ವೆಬ್‌ಸೈಟಿನ ಮಟ್ಟಿಗೆ ಅವನ ಮಾತು ನಿಜ. ಇಂಡಿಗೋಗೋ ಶುರುವಾಗಿದ್ದು 2008ರಲ್ಲಿ, ಕಿಕ್‌ಸ್ಟಾರ್ಟರ್ 2009ರಲ್ಲಿ. ಆದರೆ ನಾನು ಚಳ್ಳಕೆರೆ ಕಡೆಯವನು. ನಾಲ್ಕು ಜನರ ಹತ್ತಿರ ದುಡ್ಡು ಎತ್ತಿ ಒಂದು ಆಟ ಆಡಿಸೋದನ್ನ, ಒಂದು ಸುದ್ದಿಯನ್ನ ಹತ್ತೂರಿಗೆ ಮುಟ್ಟಿಸೋದನ್ನ ಅಮೆರಿಕದಿಂದ ಕಲಿಯಬೇಕಿತ್ತು ಅಂದರೆ ನನಗೆ ನಗು ಬರುತ್ತೆ. ಅದಕ್ಕೇ ಈ ಸಲ ಸ್ವಲ್ಪ ಚರಿತ್ರೆ ಹೇಳೋಣ ಅಂತ.

ಮೊದಲು ಪ್ರಚಾರದ ಕಥೆ. ಅದು ಶುರುವಾಗೋದು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲೆ.

ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಅನ್ನೋ ಬೆಟ್ಟ ಇದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಸಿದ್ದಾಪುರದಲ್ಲೂ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಸಂದೇಶದ ಇನ್ನೆರಡು ಪ್ರತಿ ಸಿಕ್ಕವು. ಕ್ರಿಸ್ತಪೂರ್ವ 3ನೇ ಶತಮಾನದ ಬರಹ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಶಾಸನದ ಶುರುವೇ ಮಜವಾಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ದೊರೆಯ ಮಾತು ಇಂತಿದೆ ಅಂತ ಮುಂದುವರಿಸ್ತಾರೆ. ಅಂದರೆ ಇದು ಫಾರ್ವರ್ಡ್ ಆಗಿ ಬಂದ ಸಂದೇಶ! ದೊರೆಯಿಂದ ಸುವರ್ಣಗಿರಿಗೆ, ಸುವರ್ಣಗಿರಿಯಿಂದ ಇಸಿಲಕ್ಕೆ, ಇಸಿಲದಿಂದ ಬಂಡೆಗೆ. ಉತ್ತರದ ರೂಪನಾಥ, ಸಹಸ್ರಾಮ್‌ಗಳಲ್ಲಿರೋ ಇದೇ ಶಾಸನದ ಪ್ರತಿಗಳಲ್ಲಂತೂ ಬಂಡೆ ಕಂಡಲ್ಲಿ, ಕಂಬ ಇದ್ದಲ್ಲಿ ಕೆತ್ತಿಸಿ ಅನ್ನೋ ಅರ್ಥದ ಸೂಚನೆಯೂ ಇದೆ. ಇವತ್ತಿನ "ಎಲ್ಲರಿಗೂ ಶೇರ್ ಮಾಡಿ"ಗೆ ಇಷ್ಟು ಹಳೆಯ ಅಣ್ಣ ಸಿಗೋದು ಕಷ್ಟ.

ನನಗೆ ಇದಕ್ಕಿಂತ ಇಷ್ಟ ಆಗೋದು ಶಾಸನದ ಕೊನೆ. ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಹೆಸರಿನ ಜೊತೆ ಲಿಪಿಕಾರ ಅನ್ನೋ ತನ್ನ ಕಸುಬನ್ನೂ ಹೇಳಿಕೊಂಡಿದ್ದಾನೆ. ಆ ಒಂದು ಪದವನ್ನ ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಅಂದ್ರೆ ಈಗಿನ ಪಾಕಿಸ್ತಾನದ ಕಡೆಯ ಗಾಂಧಾರ ಸೀಮೆಯ ಲಿಪಿ. ನಮ್ಮ ಬಯಲುಸೀಮೆಯಲ್ಲಿ ಅದನ್ನ ಓದೋರು ಆಗ ಯಾರಿದ್ದರೋ ಕಾಣೆ. ಹೊಟ್ಟೆಪಾಡಿಗೆ ದೂರದಿಂದ ಬಂದ ಕೆಲಸಗಾರ, ಸಂಬಳ ಕೊಟ್ಟ ಧಣಿಯ ಸಂದೇಶದ ಕೊನೆಯಲ್ಲಿ ತನ್ನೂರಿನ ಅಕ್ಷರದಲ್ಲಿ ತನ್ನ ಕಸುಬು ಕೆತ್ತಿ ಹೋದ ಅಂತಲೇ ನಾನು ಓದಿಕೊಳ್ತೀನಿ. ಈ ಮೂರೂ ಪ್ರತಿಗಳಲ್ಲಿ ಅಶೋಕ ಅನ್ನೋ ಹೆಸರಿಲ್ಲ, ದೇವಾನಾಂಪ್ರಿಯ ಅನ್ನೋ ಬಿರುದು ಮಾತ್ರ ಇದೆ. ಲಿಪಿಕಾರನ ಹೆಸರು ಮಾತ್ರ ಖಡಾಖಂಡಿತವಾಗಿ ಇದೆ. ಈ ಚಪಡನನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗ್ತಾನೆ.

ಇನ್ನು ದುಡ್ಡಿನ ಕಥೆ. ಇದಕ್ಕೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಬರಬೇಕು. ತಿಪ್ಪೇರುದ್ರಸ್ವಾಮಿ ಅಂದರೆ ನಮ್ಮ ಕಡೆ ಕೆರೆ ಕಟ್ಟಿಸಿದ ಸ್ವಾಮಿ. ಜನರನ್ನ ಸೇರಿಸಿ, ಅವರ ಕೈಯಿಂದಲೇ ಕೆರೆ ಕಟ್ಟಿಸಿ, ದುಡಿದವರಿಗೆ ದುಡಿದಷ್ಟೇ ಕೂಲಿ ಹಂಚಿದ ಅನ್ನೋದು ಅಜ್ಜಂದಿರು ಹೇಳೋ ಕಥೆ. ಅದರಿಂದ ಉಳಿದ ಮಾತು "ಮಾಡಿದಷ್ಟು ನೀಡು ಭಿಕ್ಷೆ". ಬಸ್ಸಿನ ಗಾಜಿನ ಮೇಲೆ, ಟ್ರ್ಯಾಕ್ಟರಿನ ಹಿಂದೆ ಬರೆಸಿರ್ತಾರೆ. ಫಾಲ್ಗುಣದಲ್ಲಿ ನಡೆಯೋ ಜಾತ್ರೆಯಲ್ಲಿ ರಥ ಹೊರಡೋ ಮುಂಚೆ ಮುಕ್ತಿ ಬಾವುಟದ ಹರಾಜು ನಡೆಯುತ್ತೆ. ಈಚಿನ ವರ್ಷಗಳಲ್ಲಿ ಅದು ಹತ್ತಾರು ಲಕ್ಷ ಮುಟ್ಟುತ್ತೆ. ಕೂಗಿ ಕೂಗಿ ಏರಿಸೋ ಹರಾಜು. ಕೊನೆಗೆ ಯಾರು ಹಿಡಿದರು, ಎಷ್ಟಕ್ಕೆ ಹಿಡಿದರು ಅನ್ನೋದು ಆ ಕ್ಷಣದಲ್ಲೇ ಇಡೀ ಜಾತ್ರೆಗೆ ಗೊತ್ತಾಗಿರುತ್ತೆ. ಮಾರನೇ ದಿನ ಪೇಪರಿನಲ್ಲೂ ಬಂದಿರುತ್ತೆ.

ಬಯಲಾಟದ ಲೆಕ್ಕವೂ ಹೀಗೇ. ಸುಗ್ಗಿ ಮುಗೀತು ಅಂದರೆ ಹಳ್ಳಿಯ ಹತ್ತು ಹುಡುಗರು ಸೇರಿ ಪಟ್ಟಿ ಎತ್ತೋರು. ಮನೆ ಮನೆಗೆ ಹೋಗಿ, ಚಳ್ಳಕೆರೆ ಪೇಟೆಯ ಎಣ್ಣೆ ಮಿಲ್ಲಿನ ಸಾಹುಕಾರರ ಹತ್ತಿರ ಹೋಗಿ, ನೋಟ್‌ಬುಕ್ಕಿನಲ್ಲಿ ಹೆಸರು, ಮುಂದೆ ರೂಪಾಯಿ. ಆ ದುಡ್ಡಿನಲ್ಲಿ ಮೇಷ್ಟ್ರಿಗೆ ಸಂಭಾವನೆ, ವೇಷದ ಬಾಡಿಗೆ, ಮೈಕಿನ ಬಾಡಿಗೆ. ಆಟದ ರಾತ್ರಿ ಮಧ್ಯೆ ಮಧ್ಯೆ ಆಟ ನಿಲ್ಲಿಸಿ ಮೈಕಿನಲ್ಲಿ ಕೂಗೋರು: ಇಂಥ ಊರಿನ ಇಂಥವರು ಭೀಮನ ಪಾತ್ರಧಾರಿಗೆ ಐವತ್ತೊಂದು ರೂಪಾಯಿ. ಭೀಮ ಗದೆ ಕೆಳಗಿಟ್ಟು ಕೈಮುಗಿಯೋನು. ಮದುವೆ ಮನೆಯ ಮುಯ್ಯಿ ಪುಸ್ತಕ ನಿಮಗೂ ಗೊತ್ತು. ಇವತ್ತು ನೀವು ಬರೆಸಿದ್ದು ನಾಳೆ ನಿಮ್ಮ ಮನೆ ಕಾರ್ಯಕ್ಕೆ ಹಿಂತಿರುಗಿ ಬರಬೇಕು, ಬರದಿದ್ದರೆ ಪುಸ್ತಕ ತೆಗೆದು ನೋಡೋರು ಇರ್ತಾರೆ.

ಈ ಮೂರರಲ್ಲೂ ಎರಡು ಸಂಗತಿ ಸಮಾನ. ಒಂದು, ಹೆಸರು: ಕೊಟ್ಟವರು ಯಾರು, ತಗೊಂಡವರು ಯಾರು ಎಲ್ಲರಿಗೂ ಗೊತ್ತು. ಎರಡು, ಲೆಕ್ಕ: ಕೆರೆ ಎದ್ದಿದೆಯೋ ಇಲ್ಲವೋ, ಆಟ ಆಗಿದೆಯೋ ಇಲ್ಲವೋ, ಕಣ್ಣೆದುರೇ ಇರುತ್ತೆ. ನನ್ನ ವಾದ ಇಷ್ಟೇ. ದುಡ್ಡು ಎತ್ತೋದಕ್ಕೆ ಇಂಟರ್ನೆಟ್ ಕೊಟ್ಟಿದ್ದು ದೂರ ಮತ್ತು ವೇಗ. ಹೆಸರು ಮತ್ತು ಲೆಕ್ಕ ಎರಡನ್ನೂ ಅದು ತಾನಾಗಿ ಕೊಡಲ್ಲ, ನಾವು ಕೈಯಾರೆ ತಂದು ಹಾಕಬೇಕು. ಹಾಗೆ ಹಾಕಿದಲ್ಲಿ ಕೆಲಸ ಆಗಿದೆ, ಹಾಕದಿದ್ದಲ್ಲಿ ಕೈಯಿಂದ ಮಾಡಿದವನೇ ಕಾಣೆಯಾಗಿದ್ದಾನೆ.

ಪರವೂರಿನ ಎರಡು ಉದಾಹರಣೆ ನೋಡಿ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ ಫ್ರಾನ್ಸಿನವರ ಉಡುಗೊರೆ, ಆದರೆ ಅದರ ಕೆಳಗಿನ ಪೀಠಕ್ಕೆ ದುಡ್ಡು ಸಾಲಲಿಲ್ಲ. 1885ರಲ್ಲಿ ಜೋಸೆಫ್ ಪುಲಿಟ್ಜರ್ ತನ್ನ 'ವರ್ಲ್ಡ್' ಪತ್ರಿಕೆಯಲ್ಲಿ ಒಂದು ಘೋಷಣೆ ಮಾಡಿದ: ಎಷ್ಟೇ ಸಣ್ಣ ಮೊತ್ತ ಕೊಡಿ, ನಿಮ್ಮ ಹೆಸರು ಅಚ್ಚು ಹಾಕ್ತೀನಿ. ಐದು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿ 1,00,000 ಡಾಲರಿಗೂ ಮೀರಿ ಕೊಟ್ಟರು. ಬಹುಪಾಲು ಜನ ಕೊಟ್ಟಿದ್ದು ಒಂದು ಡಾಲರಿಗಿಂತ ಕಡಿಮೆ. ನಮ್ಮ ಬಯಲಾಟದ ಮೈಕು ಅಲ್ಲಿ ಪತ್ರಿಕೆ ಆಗಿತ್ತು, ಅಷ್ಟೇ.

ಇನ್ನೊಂದು 1976ರ 'ಮಂಥನ್'. ಶ್ಯಾಮ್ ಬೆನೆಗಲ್ ನಿರ್ದೇಶನ, ನಮ್ಮ ಗಿರೀಶ ಕಾರ್ನಾಡರು ಮುಖ್ಯ ಪಾತ್ರದಲ್ಲಿ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು. ಅವರಿಗೆ ಒಬ್ಬೊಬ್ಬರ ಹೆಸರು ತೆರೆ ಮೇಲೆ ಬರಬೇಕಿರಲಿಲ್ಲ, ಯಾಕಂದ್ರೆ ದಿನಾ ಹಾಲು ಅಳೆದು ಲೆಕ್ಕ ಬರೆಯೋ ಸಹಕಾರ ಸಂಘ ಊರಲ್ಲೇ ಇತ್ತು. ಹಾಲಿನ ಲೆಕ್ಕದಲ್ಲಿ ಮೋಸ ಮಾಡದವರು ಸಿನಿಮಾದ ಲೆಕ್ಕದಲ್ಲೂ ಮಾಡಲ್ಲ ಅನ್ನೋ ನಂಬಿಕೆ ಆ ಎರಡು ರೂಪಾಯಿಯ ಹಿಂದೆ ಇತ್ತು.

ಕನ್ನಡದ ಪುಸ್ತಕಗಳೂ ಈ ದಾರಿಯಲ್ಲೇ ಬೆಳೆದವು. ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನ ನಂಬಿ ನಿಂತಿತು. ಓದುಗ ಮೊದಲೇ ದುಡ್ಡು ಕಟ್ಟೋನು, ಪುಸ್ತಕ ಆಮೇಲೆ ಮನೆಗೆ ಬರೋದು. ಪ್ರಕಟಣಪೂರ್ವ ಬೆಲೆ ಅನ್ನೋ ಪದ ನಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು. ಈಗ ನಾವು ಅದನ್ನ ಪ್ರೀ-ಆರ್ಡರ್ ಅಂತೀವಿ.

ಇಷ್ಟೆಲ್ಲ ಆದಮೇಲೆ ಬಂದಿದ್ದು 'ಲೂಸಿಯಾ'. ಬೆಂಗಳೂರಿನ ನಮ್ಮ ವಯಸ್ಸಿನವರಿಗೆ ಇದು ನೆನಪಿನ ಕಥೆ. 2011ರಲ್ಲಿ 'ಲೈಫು ಇಷ್ಟೇನೆ' ಮಾಡಿದ ಪವನ್ ಕುಮಾರ್ ಮುಂದಿನ ಸಿನಿಮಾಕ್ಕೆ ನಿರ್ಮಾಪಕರು ಸಿಗದೆ, ತಮ್ಮ ಸಂಕಟವನ್ನ ಬ್ಲಾಗಿನಲ್ಲಿ ಬರೆದರು. ಗಾಂಧಿನಗರದ ಲೆಕ್ಕಾಚಾರ ಹೇಗಿರುತ್ತೆ ಅಂತ ಬಿಚ್ಚಿಟ್ಟರು. ಓದಿದವರು ಸುಮ್ಮನೆ ಲೈಕ್ ಒತ್ತಿ ಹೋಗಲಿಲ್ಲ, ನಾವು ದುಡ್ಡು ಹಾಕ್ತೀವಿ ಅಂತ ಮುಂದೆ ಬಂದರು. 27 ದಿನದಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಸೇರಿತು. ನೀನಾಸಂ ಸತೀಶ್, ಶ್ರುತಿ ಹರಿಹರನ್ ನಟಿಸಿದ ಆ ಸಿನಿಮಾ 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಮೊದಲ ಪ್ರದರ್ಶನ ಕಂಡು ಪ್ರೇಕ್ಷಕರ ಪ್ರಶಸ್ತಿ ತಗೊಂಡಿತು. ಸೆಪ್ಟೆಂಬರ್ 6ಕ್ಕೆ ಇಲ್ಲಿ ಬಿಡುಗಡೆ ಆಯ್ತು. 2015ರಲ್ಲಿ ತಮಿಳಿನಲ್ಲಿ 'ಎನಕ್ಕುಳ್ ಒರುವನ್' ಆಯ್ತು.

ಲೂಸಿಯಾ ಗೆದ್ದಿದ್ದು ಇಂಟರ್ನೆಟ್‌ನಿಂದ ಅಂತ ನಾವು ಬಾಯಿಪಾಠ ಹೇಳ್ತೀವಿ. ಆದರೆ ಆ 110 ಜನ ದುಡ್ಡು ಕೊಟ್ಟಿದ್ದು ಒಬ್ಬ ಗೊತ್ತಿರೋ ಮನುಷ್ಯನಿಗೆ. ಅವನ ಹಿಂದಿನ ಸಿನಿಮಾ ನೋಡಿದ್ದರು, ಅವನ ಬರಹ ಓದಿದ್ದರು, ಎಷ್ಟು ಬೇಕು ಯಾಕೆ ಬೇಕು ಅನ್ನೋದನ್ನ ಅವನ ಬಾಯಿಂದಲೇ ಕೇಳಿದ್ದರು. ನಮ್ಮೂರಿನ ಪಟ್ಟಿ ಪುಸ್ತಕ ಬ್ಲಾಗಿನ ರೂಪ ತಾಳಿತ್ತು. ಆಮೇಲೆ ಅದೇ ದಾರಿ ಹಿಡಿಯೋಕೆ ಹೊರಟವರಲ್ಲಿ ಎಷ್ಟೋ ಜನ ಲಿಂಕ್ ಮಾತ್ರ ಕಳಿಸಿದರು, ಹಿಂದಿನ ಕೆಲಸ ಮಾಡಿರಲಿಲ್ಲ. ಹಸಿರು ಗೆರೆ ಕಾಲು ಭಾಗಕ್ಕೇ ನಿಂತುಹೋಗಿದ್ದನ್ನ ನಾನೂ ಗುಂಪಿನಲ್ಲಿ ನೋಡಿದ್ದೀನಿ, ನೀವೂ ನೋಡಿರ್ತೀರಿ.

ಇಲ್ಲೊಂದು ಕಾನೂನಿನ ಮಾತು ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ಸಂಬಳ ಬರೋ ನಮ್ಮಂಥವರೇ ಇದರಲ್ಲಿ ದುಡ್ಡು ಹಾಕೋರು. ಲಿಂಕ್ ಒತ್ತೋ ಮುಂಚೆ ನೀವು ಕೊಡ್ತಿರೋದು ಏನು ಅಂತ ತಿಳ್ಕೊಳ್ಳಿ. ಸುಮ್ಮನೆ ಕೊಟ್ಟರೆ ಅದು ದೇಣಿಗೆ. ಪುಸ್ತಕವೋ ಸೀರೆಯೋ ಟಿಕೆಟ್ಟೋ ಬರುತ್ತೆ ಅಂತ ಕೊಟ್ಟರೆ ಮುಂಗಡ. ಲಾಭದಲ್ಲಿ ಪಾಲು ಅಂದರೆ ಹೂಡಿಕೆ, ಅದರ ನಿಯಮವೇ ಬೇರೆ. 2013ರ ಕಂಪನಿ ಕಾಯ್ದೆ ಪ್ರಕಾರ ಖಾಸಗಿಯಾಗಿ ಷೇರು ಕೊಡೋದಕ್ಕೆ ವರ್ಷಕ್ಕೆ 200 ಜನರ ಮಿತಿ ಇದೆ. ಸೆಬಿ 2014ರಲ್ಲಿ ಕ್ರೌಡ್‌ಫಂಡಿಂಗ್ ಬಗ್ಗೆ ಒಂದು ಸಮಾಲೋಚನಾ ಪತ್ರ ಹೊರಡಿಸಿತ್ತು. ಹಾಗಾಗಿ ಯಾರಾದರೂ ಊರಿಗೆಲ್ಲ ಲಿಂಕ್ ಕಳಿಸಿ ಪಾಲು ಕೊಡ್ತೀನಿ ಅಂದರೆ, ಅದು ಯಾವ ದಾರಿಯಲ್ಲಿ ಅಂತ ಕೇಳೋದು ಅಪಶಕುನ ಅಲ್ಲ.

ಈಗ ವಾಪಸ್ ಮೊಳಕಾಲ್ಮುರಿಗೆ. ಚಪಡನನ್ನ ನೆನಪಲ್ಲಿ ಇಟ್ಕೊಳ್ಳಿ ಅಂದಿದ್ದೆನಲ್ಲ, ಇಲ್ಲಿ ಬೇಕು.

ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 1999ರ ಕಾಯ್ದೆಯಡಿ ಸಿಗೋ ಈ ಗುರುತು ಊರಿನ ಹೆಸರನ್ನ ಕಾಯುತ್ತೆ. ಬೇರೆ ಊರಲ್ಲಿ ನೇಯ್ದಿದ್ದನ್ನ ಮೊಳಕಾಲ್ಮುರು ಸೀರೆ ಅಂತ ಮಾರಬಾರದು. ಒಳ್ಳೆಯದೇ. ಆದರೆ ಗುರುತಿನ ಫಲ ನೇಕಾರನ ಕೈಗೆ ಬರಬೇಕಾದರೆ ಅವನು ಅಧಿಕೃತ ಬಳಕೆದಾರ ಅಂತ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಎಷ್ಟೋ ಮಗ್ಗದ ಮನೆಗಳಲ್ಲಿ ನೂಲು, ಜರಿ ಸಾಹುಕಾರನದ್ದು, ಮಗ್ಗ ಮತ್ತು ಮೈಕೈ ನೋವು ನೇಕಾರನದ್ದು. ಸೀರೆ ಇಳಿಸಿದ ಮೇಲೆ ಸಿಗೋದು ಕೂಲಿ. ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ತಗೊಂಡಿದ್ದರೆ ಅದರಲ್ಲೂ ಕಡಿತ. ಬಣ್ಣ, ಬುಟ್ಟಾ, ಅಂಚು ಏನು ಬರಬೇಕು ಅಂತ ತೀರ್ಮಾನಿಸೋದು ದುಡ್ಡು ಹಾಕಿದವನು.

ಈಗ ಈ ಸೀರೆ ಇಂಟರ್ನೆಟ್ಟಿಗೂ ಬಂದಿದೆ. ಫೋಟೋ ಚೆನ್ನಾಗಿರುತ್ತೆ, ಕೆಳಗೆ ಶತಮಾನಗಳ ಪರಂಪರೆ ಅಂತ ಒಂದು ಪ್ಯಾರಾ ಇರುತ್ತೆ, ಮಾಡೆಲ್ ಹೆಸರು ಇರುತ್ತೆ, ಫೋಟೋ ತೆಗೆದವರ ಹೆಸರೂ ಇರುತ್ತೆ. ನೇಯ್ದವರ ಹೆಸರು ಹುಡುಕಿ ನೋಡಿ. ಪರಿಚಯದ ನೇಕಾರರೊಬ್ಬರಿಗೆ ನನ್ನ ಫೋನಿನಲ್ಲಿ ಇಂಥದ್ದೊಂದು ಪುಟ ತೋರಿಸಿದ್ದೆ. ಅಂಚನ್ನ ದೊಡ್ಡದು ಮಾಡಿ ನೋಡಿದರು. "ಇದು ನಮ್ಮ ಬೀದೀದೇ ಕಣಪ್ಪ. ಈ ತಿರುವು ನಮ್ಮೋರದ್ದೇ" ಅಂದರು. ಬೆಲೆ ನೋಡಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಂಗಡಿಯೋರ ಹೆಸರು ಐತಲ್ಲ, ಸಾಕು ಬಿಡು" ಅಂದರು. ಎರಡು ಸಾವಿರ ವರ್ಷದ ಹಿಂದೆ ಅದೇ ತಾಲ್ಲೂಕಿನ ಬಂಡೆ ಮೇಲೆ ಲಿಪಿಕಾರನಿಗೆ ಸಿಕ್ಕ ಜಾಗ, ಎಷ್ಟು ಬೇಕಾದರೂ ಜಾಗ ಇರೋ ವೆಬ್‌ಪುಟದಲ್ಲಿ ನೇಕಾರನಿಗೆ ಸಿಕ್ಕಿಲ್ಲ.

ಚಳ್ಳಕೆರೆಯ ಕರಿ ಕಂಬಳಿಯದ್ದೂ ಇದೇ ಹಾಡು. ಕುರಿ ಉಣ್ಣೆ ಕತ್ತರಿಸಿ, ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಣಿಮಗ್ಗದಲ್ಲಿ ನೇಯ್ದ ಕಂಬಳಿ. ನೂಲೋದು ಹೆಚ್ಚಾಗಿ ಹೆಂಗಸರ ಕೆಲಸ, ಅದನ್ನ ಕೂಲಿಯ ಲೆಕ್ಕಕ್ಕೇ ಹಿಡಿಯದ ಮನೆಗಳೂ ಇವೆ. ಹಾಡಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ, ಸಾವಿರಾರು ಪದ ಅವರ ನೆನಪಲ್ಲಿದ್ದವು. ಅವರ ಹೆಸರು ನಾಡಿಗೆ ಗೊತ್ತಾಗಿದ್ದು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕೂತು ಕೇಳಿ, ಬರೆದು, ಹಾಡಿದವರು ಇವರು ಅಂತ ಹೇಳಿದ್ದರಿಂದ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಇವತ್ತು ಯಾರು ಬೇಕಾದರೂ ಹಟ್ಟಿಗೆ ಹೋಗಿ ಫೋನಿನಲ್ಲಿ ಅಜ್ಜಿಯೊಬ್ಬರ ಹಾಡು ಹಿಡಿದು ಯೂಟ್ಯೂಬಿಗೆ ಹಾಕಬಹುದು. ಲಕ್ಷ ಜನ ನೋಡಿದರೆ ಜಾಹೀರಾತಿನ ದುಡ್ಡು ಚಾನೆಲ್ಲಿನವರಿಗೆ. "ಹಳ್ಳಿ ಅಜ್ಜಿಯ ಅದ್ಭುತ ಹಾಡು" ಅಂತ ಶೀರ್ಷಿಕೆ. ಯಾವ ಹಳ್ಳಿ, ಯಾವ ಅಜ್ಜಿ? ಪ್ರಚಾರ ಆಯ್ತು, ದುಡ್ಡೂ ಹುಟ್ಟಿತು. ಹಾಡಿದವರ ಪಾಲಿಗೆ ಎರಡೂ ಬರಲಿಲ್ಲ.

ಹಾಗಂತ ಇಂಟರ್ನೆಟ್ ಬೇಡ ಅಂತ ನಾನು ಹೇಳಲ್ಲ. ಸಾಹುಕಾರನ ಮುಂಗಡದ ಜಾಗಕ್ಕೆ ಬರಬಲ್ಲ ಇನ್ನೊಂದು ಮುಂಗಡ ಅಂದರೆ ಇದೇ. ನೇಕಾರನಿಗೆ ದೊಡ್ಡ ತೊಂದರೆ ನೂಲು-ಜರಿಗೆ ಮೊದಲೇ ದುಡ್ಡು ಬೇಕಾಗೋದು, ಸೀರೆ ಇಳಿಯೋವರೆಗೆ ಮನೆ ನಡೆಸಬೇಕಾಗೋದು. ಕೊಳ್ಳೋರು ಅರ್ಧ ದುಡ್ಡನ್ನ ಮೊದಲೇ ಕೊಟ್ಟರೆ ಆ ಎರಡೂ ತೊಂದರೆ ತೀರುತ್ತೆ, ಯಾವ ಬಣ್ಣ ಯಾವ ಬುಟ್ಟಾ ಅಂತ ನೇಕಾರನೂ ಮಾತಾಡಬಹುದು. 2016ರಿಂದ ಯುಪಿಐ ಇರೋದರಿಂದ ದುಡ್ಡು ಮುಟ್ಟಿಸೋಕೆ ಮಧ್ಯದಲ್ಲಿ ಯಾರೂ ಬೇಕಿಲ್ಲ. ಕಾಯೋ ತಾಳ್ಮೆ ಮಾತ್ರ ನಮ್ಮದಾಗಿರಬೇಕು. ನಾಳೆ ಡೆಲಿವರಿ ಆಗಬೇಕು ಅನ್ನೋರಿಗೆ ಇದು ಆಗಿಬರೋ ವ್ಯವಹಾರ ಅಲ್ಲ.

ಅದಕ್ಕೇ ಈಗ ನಮ್ಮ ಗುಂಪಿನಲ್ಲಿ ಯಾವ ಲಿಂಕ್ ಬಂದರೂ ಮೂರು ಪ್ರಶ್ನೆ ಕೇಳೋ ಪದ್ಧತಿ ಮಾಡ್ಕೊಂಡಿದ್ದೀವಿ. ಕೈಯಿಂದ ಮಾಡಿದವರ ಹೆಸರು ಎಲ್ಲಿದೆ? ನೂರು ರೂಪಾಯಿಯಲ್ಲಿ ಅವರಿಗೆ ಎಷ್ಟು ಹೋಗುತ್ತೆ? ಕೆಲಸ ಮುಗಿದ ಮೇಲೆ ಲೆಕ್ಕ ಯಾರು ಯಾವಾಗ ತೋರಿಸ್ತಾರೆ? ಒಬ್ಬ ಕಿರುಚಿತ್ರದ ಹುಡುಗ ಸಿಟ್ಟಾದ. ಇನ್ನೊಬ್ಬಳು ಅದೇ ರಾತ್ರಿ ಇಡೀ ಖರ್ಚಿನ ಪಟ್ಟಿ ಕಳಿಸಿದಳು, ಲೈಟ್ ಹುಡುಗರ ಬಾಟಾದವರೆಗೆ. ಅವಳ ಗೆರೆ ವಾರದಲ್ಲಿ ತುಂಬಿತು.

ಕಳೆದ ದೀಪಾವಳಿಗೆ ನಾವು ಹನ್ನೊಂದು ಜನ ಸೇರಿ ಆ ನೇಕಾರರಿಗೇ ಅರ್ಧ ಮುಂಗಡ ಕಳಿಸಿ ಸೀರೆ ನೇಯಿಸಿದೆವು. ನೂಲಿಗೆಷ್ಟು, ಜರಿಗೆಷ್ಟು, ಮಜೂರಿ ಎಷ್ಟು ಅಂತ ಅವರ ಮಗಳು ಬರೆದು ಫೋಟೋ ಕಳಿಸಿದಳು. ಪ್ರತಿ ಸೀರೆ ಜೊತೆ ನೇಯ್ದವರ ಹೆಸರಿನ ಚೀಟಿ ಇರಬೇಕು ಅನ್ನೋದು ನಮ್ಮ ಒಂದೇ ಷರತ್ತು. ಅವರು ಮೊದಲು ಸಂಕೋಚಪಟ್ಟರು, ನಮ್ಮಂಥವರ ಹೆಸರು ಯಾರಿಗೆ ಬೇಕಪ್ಪ ಅಂದರು. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. ಕಂಡಿಕೆ ಸುತ್ತೋದೆಲ್ಲ ಹೆಂಡತಿ, ಅವಳಿಲ್ಲದೆ ಲಾಳಿ ಓಡಲ್ಲ, ಅವಳ ಹೆಸರು ಮೇಲೆ ಹಾಕಿ ತಮ್ಮ ಹೆಸರು ಕೆಳಗೆ ಹಾಕಿದರೆ ಆಗುತ್ತಾ ಅಂತ ಕೇಳಿದರು. ಆಗುತ್ತೆ ಅಂದೆ.